ಪೆರಿಯನಾಯಕಿಯ ಟೌನ್ ಬಸ್ಸುಗಳು

ತಿರುಪ್ಪೂರು
12 ಜೂನ್ 2024

ಅಜ್ಜಿ,

ನೀನು ಹೊರಟು ಇವತ್ತಿಗೆ ಮೂರು ದಿನ. ನಿನ್ನ ಜಾಡು ಇನ್ನೂ ಯಾರಿಗೂ ಸಿಕ್ಕಿಲ್ಲ.

ಸೋಮವಾರ ಅಮ್ಮ ನನಗೆ ಹನ್ನೊಂದು ಸಲ ಫೋನ್ ಮಾಡಿದ್ದಳು. ನಾನು ಕಂಪನಿಯಲ್ಲಿ ಟಿ-ಶರ್ಟುಗಳ ಹೊಲಿಗೆ ತಪ್ಪು ಹುಡುಕುತ್ತ ಕೂತಿದ್ದೆ, ಫೋನು ಲಾಕರಿನಲ್ಲಿತ್ತು. ಊಟದ ಹೊತ್ತಿಗೆ ಎತ್ತಿಕೊಂಡರೆ ಅಳು. "ನಿತ್ಯಾ ಕಣ್ಣು, ಅಜ್ಜಿ ಇಲ್ಲ! ಅವರಿಗೆ ಫೋನ್ ಹಾಕಿದ್ರೆ ಅಕ್ಕಿ ಡ್ರಮ್ ಒಳಗಿಂದ ರಿಂಗ್ ಬರ್ತದೆ!"

ನಗು ತಡೆದುಕೊಳ್ಳಲು ನಾನು ತುಟಿ ಕಚ್ಚಬೇಕಾಯಿತು. ಸಂಜೆಯ ಹೊತ್ತಿಗೆ ನೀನು ತಮಿಳಿನಲ್ಲಿ ಬರೆದಿಟ್ಟ ಚೀಟಿ ಅವರಿಗೆ ಸಿಕ್ಕಿತಂತೆ: ಹಾಸು ಸೇರಿಸುವ ಕೆಲಸಕ್ಕೆ ಹೋಗುತ್ತಿದ್ದೇನೆ, ನಲವತ್ತು ದಿನ, ಹುಡುಕಬೇಡಿ. ಅಪ್ಪ ಯಂತ್ರ ನಿಲ್ಲಿಸಿ, ಮನೆಗೆ ಅಂಟಿದ ಲೇತ್ ಪಟ್ಟರೆಗೆ ಬೀಗ ಹಾಕಿ ಗಾಂಧಿಪುರದ ಮೂರೂ ಬಸ್ ನಿಲ್ದಾಣ ಸುತ್ತಿ ಬಂದನಂತೆ. ಆಮೇಲೆ ನನಗೆ ಫೋನ್ ಮಾಡಿ ಕೂಗಿದ. "ಅರವತ್ತೇಳು ವಯಸು! ರೋಡು ದಾಟಕ್ಕೆ ನಾನು ಕೈ ಹಿಡೀಬೇಕು! ಇಷ್ಟು ವಯಸಲ್ಲಿ ಊರೂರು ಸುತ್ತಿ ಕೂಲಿ ಮಾಡೋ ಗತಿ ಏನು ಬಂತು ಅವಳಿಗೆ? ನೆಂಟರು ಕೇಳಿದ್ರೆ ನಾನೇನು ಹೇಳ್ಲಿ?"

ನೆಂಟರು! ಅಜ್ಜಿ, ನನ್ನ ಮೈ ಉರಿದುಹೋಯಿತು. ನಮ್ಮ ಕಾರ್ಮಿಕ ಸಂಘದ ಹತ್ತು ರೂಪಾಯಿ ಪುಸ್ತಕದಲ್ಲಿ ಸರಿಯಾಗಿಯೇ ಬರೆದಿದ್ದಾರೆ: ಮನೆ ಎಂಬುದು ಹೆಂಗಸಿಗೆ ಮಾತ್ರ ಹಾಜರಿ ಕರೆಯುತ್ತದೆ. ತಾತ ಇದ್ದಾಗ ನೀವಿಬ್ಬರೂ ಊರೂರು ತಿರುಗಿ ಕೆಲಸ ಮಾಡಿದಿರಿ. ಆಗ ಅದು ಕುಲಕಸುಬು. ತಾತ ಹೋದರು, ನೀನು ಒಬ್ಬಳೇ ಹೊರಟೆ. ಈಗ ಅದು ಅವಮಾನ. ಯಾಕೆ?

ಹಾಸ್ಟೆಲಿನ ಹುಡುಗಿಯರಿಗೆ ನಿನ್ನ ಕೆಲಸ ವಿವರಿಸಿದೆ. ಮಗ್ಗದಲ್ಲಿ ಒಂದು ಹಾಸು ನೇಯ್ದು ಮುಗಿದ ಮೇಲೆ ಹಳೆಯ ಎಳೆಗಳ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಲ್ಲೇ ಹೊಸೆದು ಸೇರಿಸಬೇಕು, ಒಂದು ಸೀರೆ ಮಗ್ಗಕ್ಕೆ ಸುಮಾರು ನಾಲ್ಕು ಸಾವಿರ ಎಳೆ, ಅದು ಬಲ್ಲವರು ಈಗ ಬೆರಳೆಣಿಕೆಯಷ್ಟು ಜನ ಎಂದೆ. ಯಾರೂ ನಂಬಲಿಲ್ಲ. "ನಿಮ್ಮ ಅಜ್ಜಿ ಮಿಷನ್ನಾ?" ಎಂದು ಕೇಳಿದರು.

ನೀನು ಕೊಟ್ಟ ಮೂರು ವಿಳಾಸ ನನ್ನ ಬಳಿ ಭದ್ರವಾಗಿವೆ. ಸಿರುಮುಗೈ, ಸೇವೂರು, ಮಡತ್ತುಕುಳಂ. ಕೊಯ್ದರೂ ಹೇಳುವುದಿಲ್ಲ. ಕಾಗದ ಸಿಕ್ಕರೂ ಭಯವಿಲ್ಲ, ನಮ್ಮ ಮನೆಯಲ್ಲಿ ಕನ್ನಡ ಎಲ್ಲರ ಬಾಯಲ್ಲಿದೆ, ಓದಲು ಬರುವುದು ನಮ್ಮಿಬ್ಬರಿಗೆ ಮಾತ್ರ. ನೀನು ಕೊಳ್ಳೇಗಾಲದ ಶಾಲೆಯಲ್ಲಿ ನಾಲ್ಕು ವರ್ಷ ಕಲಿತು, ಮದುವೆಯಾಗಿ ಈ ಕಡೆ ಹೊತ್ತು ತಂದು, ನನಗೆ ಸ್ಲೇಟಿನ ಮೇಲೆ ತಿದ್ದಿಸಿದ ಅಕ್ಷರ. ಅಪ್ಪ ಆಗ ನಗುತ್ತಿದ್ದ. ಇನ್ನು ನಗಲಿ.

ದುಡಿಯುವ ಕೈಗೆ ವಯಸ್ಸಿಲ್ಲ. ಹೋಗು ಅಜ್ಜಿ!

ನಿತ್ಯಾ

*

ಸಿರುಮುಗೈ
17 ಜೂನ್ 2024

ಅಮ್ಮುಣಿ ನಿತ್ಯಾ,

ನಿನ್ನ ಕಾಗದವನ್ನು ಈ ಮನೆಯ ನೇಕಾರ ಲಿಂಗಸಾಮಿಯ ಹೆಂಡತಿ ಮಗ್ಗದ ಗುಂಡಿಯ ಪಕ್ಕದಲ್ಲಿಟ್ಟು ಹೋದಳು. ಕೈ ತೊಳೆದುಕೊಂಡು ಎರಡು ಸಲ ಓದಿದೆ. ತುಂಬ ಬೈದು ಬರೆಯುತ್ತೀಯ. ಬೈಗುಳದಲ್ಲಿ ನೀನು ನಿಮ್ಮ ತಾತನ ಹಾಗೆ, ಅವರಿಗೂ ಸಿಟ್ಟು ಬಂದರೆ ವಾಕ್ಯ ಚೆನ್ನಾಗಿ ಬರುತ್ತಿತ್ತು.

ನಮ್ಮ ಗಣಪತಿ ಬಡಾವಣೆಯಿಂದ ಇಲ್ಲಿಗೆ ನಾಲ್ಕು ಬಸ್ಸು ಹತ್ತಿದೆ. ನೇರ ಬಸ್ಸು ಇದೆ, ಗೊತ್ತು. ನಾನು ಹತ್ತುವುದು ಹೆಂಗಸರಿಗೆ ದುಡ್ಡು ಕೇಳದ ಟೌನ್ ಬಸ್ಸು ಮಾತ್ರ. ಅದು ಎಲ್ಲ ಕಡೆ ನಿಲ್ಲುತ್ತದೆ. ಹಾಲಿನ ಕ್ಯಾನು, ಬಾಳೆಗೊನೆ, ಶಾಲೆ ಬಿಟ್ಟ ಮಕ್ಕಳು, ಎಲ್ಲರಿಗೂ ನಿಲ್ಲುತ್ತದೆ. ಎರಡನೇ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಕಾರಮಡೈ ಹತ್ತಿರ ಬಂದಾಗ ಒಂದು ವಾಸನೆ ಒಳಗೆ ನುಗ್ಗಿತು ನೋಡು! ಎರಡೂ ಕಡೆ ಕರಿಬೇವಿನ ತೋಟ, ಆಳುಗಳು ಕೊಯ್ದು ಕೊಯ್ದು ಕಟ್ಟು ಹಾಕುತ್ತಿದ್ದರು. ಬಸ್ಸಿಗೆಲ್ಲ ಒಗ್ಗರಣೆ ಹಾಕಿದ ಹಾಗಾಯಿತು. ಅಲ್ಲಿಂದ ಬೆಟ್ಟ ಹತ್ತಿರ ಬರುತ್ತ ಹೋಗುತ್ತದೆ. ಮೊದಲು ನೀಲಿ, ಆಮೇಲೆ ಹಸಿರು, ಆಮೇಲೆ ಒಂದೊಂದು ಮರ ಬೇರೆಬೇರೆ. ಒಂದು ಮನೆಯ ಮಾಳಿಗೆಯ ಮೇಲೆ ಒಬ್ಬಳು ಒದ್ದೆ ಕೂದಲು ಹರಡಿಕೊಂಡು ಕೂತು ತಟ್ಟೆಯಲ್ಲಿ ಏನೋ ತಿನ್ನುತ್ತಿದ್ದಳು. ಏನೆಂದು ಗೊತ್ತಾಗುವ ಮೊದಲೇ ಬಸ್ಸು ತಿರುಗಿತು. ನಿಮ್ಮ ತಾತನ ಜೊತೆ ಐವತ್ತು ಸಲ ಈ ದಾರಿಯಲ್ಲಿ ಬಂದಿದ್ದೇನೆ. ಅವರು ಕಿಟಕಿಯ ಕಡೆ, ನಾನು ಒಳಗಡೆ. ಮಡಿಲಲ್ಲಿ ಗಂಟು, ಗಂಟಿನ ಮೇಲೆ ನಿಮ್ಮಪ್ಪ.

ಕೆಲಸ ಚೆನ್ನಾಗಿ ನಡೆಯಿತು. ಎರಡು ಮಗ್ಗ ಮುಗಿಸಿದೆ.

ನಿಮ್ಮಪ್ಪನನ್ನು ಅಷ್ಟು ಬೈಯಬೇಡ. ಪ್ರಭಾ ಕೆಟ್ಟವನಲ್ಲ. ಅವನ ಪ್ರೀತಿ ಬೋಲ್ಟ್ ಬಿಗಿ ಮಾಡಿದ ಹಾಗೆ. ಸಾಕು ಎಂದರೂ ಇನ್ನೊಂದು ಸುತ್ತು ತಿರುಗಿಸುತ್ತಾನೆ, ಬೋಲ್ಟಿನ ಥ್ರೆಡ್ಡೇ ಸವೆದುಹೋಗುವ ತನಕ.

ಮುಂದಿನ ವಾರ ಸೇವೂರಿಗೆ.

ಅಜ್ಜಿ

*

ತಿರುಪ್ಪೂರು
24 ಜೂನ್ 2024

ಅಜ್ಜಿ,

ನಿನ್ನೆ ಭಾನುವಾರ ಗಣಪತಿಗೆ ಹೋಗಿದ್ದೆ. ನಿನ್ನ ಕಾಗದ ಒಯ್ದಿದ್ದೆ. ಒಯ್ಯದಿದ್ದರೆ ಅಮ್ಮ ಸಾಯುವಷ್ಟು ಕೊರಗುತ್ತಿದ್ದಳು, ನೀನು ಬದುಕಿದ್ದೀಯ ಎಂದಾದರೂ ತಿಳಿಯಲಿ ಎಂದುಕೊಂಡೆ. ವಿಳಾಸದ ಸಾಲನ್ನು ಬೆರಳಲ್ಲಿ ಮುಚ್ಚಿ ಹಿಡಿದೆ. ಮುಚ್ಚದಿದ್ದರೂ ನಡೆಯುತ್ತಿತ್ತು. ಅಪ್ಪ ಕಾಗದ ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, "ಜಿಲೇಬಿ ಹಿಂಡಿದ ಹಾಗೆ ಇದೆ. ಓದು" ಎಂದು ಹಿಂದಕ್ಕೆ ಕೊಟ್ಟ.

ಓದಿದೆ. ಊರ ಹೆಸರು ಬಂದ ಕಡೆಯೆಲ್ಲ "ಒಂದೂರು" ಎಂದೆ. ಬೋಲ್ಟಿನ ಮಾತು ಹಾರಿಸಿದೆ. ಹಾರಿಸಿದ ಜಾಗ ಖಾಲಿ ಬಿಟ್ಟರೆ ಅನುಮಾನ ಬರುತ್ತದೆ ಎಂದು, "ಪ್ರಭಾ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನಾ" ಎಂದು ನೀನು ಕೇಳಿದ್ದೀಯೆಂದು ಸೇರಿಸಿದೆ. ಅಪ್ಪ ಎದ್ದು ಹೋಗಿ ಊಟಕ್ಕೆ ಕೂತ.

ಅಮ್ಮ ಕಾಗದವನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡಳು. ಇಟ್ಟುಕೊಳ್ಳಲಿ ಬಿಡು. ಯಾರು ಓದುತ್ತಾರೆ?

ನಿನ್ನ ಕಾಗದದಲ್ಲಿ ನನಗೆ ಒಂದೇ ಕೊರತೆ. ಕೆಲಸದ ಬಗ್ಗೆ ಒಂದೇ ಸಾಲು ಬರೆದಿದ್ದೀಯ! ಸಂಘದ ಬುಧವಾರದ ಸಭೆಯಲ್ಲಿ ಓದಿ ಹೇಳಬೇಕೆಂದಿದ್ದೆ. ಬಸ್ಸು, ಕರಿಬೇವು, ಕೂದಲು ಒಣಗಿಸುವ ಹೆಂಗಸು, ಇದನ್ನೆಲ್ಲ ಓದಿದರೆ ಪ್ರವಾಸದ ಕಥೆ ಎಂದುಕೊಂಡಾರು. ನಿನ್ನ ಬೆರಳು ಹೇಗೆ ನೋಯುತ್ತದೆ, ಹೊಸೆಯುವಾಗ ಜಾರದಂತೆ ಬೂದಿ ಹೇಗೆ ಹಚ್ಚುತ್ತೀರಿ, ಮಾಲೀಕರು ಎಷ್ಟು ಮರ್ಯಾದೆ ಕೊಡುತ್ತಾರೆ, ಅದನ್ನು ಬರೆ. ನೀನು ಒಬ್ಬ ದುಡಿಯುವ ಹೆಂಗಸಾಗಿ ಹೊರಟಿದ್ದೀಯ. ಹೊರಟ ಕಾರಣವೇ ನಿನ್ನ ಬಲ. ಕೆಲಸ ಇದೆ ಎಂದಮೇಲೆ ನಿನ್ನನ್ನು ಯಾರು ಕೇಳುವಂತಿದೆ?

ಬಿಡದೆ ಬರೆ.

ನಿತ್ಯಾ

*

ಸೇವೂರು
2 ಜುಲೈ 2024

ಅಮ್ಮುಣಿ,

ಅಕ್ಷರ ಅಂಕುಡೊಂಕಾಗಿದೆ, ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಚಿಕ್ಕ ಕಾಗದ.

ಅವಿನಾಶಿಯಿಂದ ಬರುವಾಗ ಒಂದು ಸಂಗತಿ ನಡೆಯಿತು. ನಿನ್ನ ಸಭೆಗೆ ಬೇಕಾಗಬಹುದು. ಬಸ್ಸು ತುಂಬಿತ್ತು. ನಾನು ಕಿಟಕಿಯ ಪಕ್ಕ. ಒಬ್ಬ, ನಿಮ್ಮಪ್ಪನ ವಯಸ್ಸು, ಬಿಳಿ ಅಂಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಟಿಕೆಟ್ ಓಸಿ, ಪುಕ್ಕಟೆ, ಅದರ ಮೇಲೆ ಕಿಟಕಿ ಸೀಟು ಬೇರೆಯಾ? ನಾವು ಕಾಸು ಕೊಟ್ಟವರು ನಿಲ್ಲೋದು, ಮುದುಕಿಗೆ ಉಲ್ಲಾಸ ಪ್ರಯಾಣ!" ನಾಲ್ಕು ಜನ ನಕ್ಕರು.

ನಾನು ಹೇಳಿದೆ, "ತಂಬಿ, ಐವತ್ತು ವರ್ಷ ನಾನು ಓಸಿಯಾಗಿ ಅನ್ನ ಬಡಿಸಿದ್ದೀನಿ. ಒಬ್ಬರೂ ಟಿಕೆಟ್ ಹರೀಲಿಲ್ಲ."

ಬಸ್ಸು ಗಪ್‌ಚಿಪ್.

ಇಲ್ಲಿ ಸಾಂತಿಯ ಮನೆಯಲ್ಲಿದ್ದೇನೆ. ಗಟ್ಟಿ ಹೆಂಗಸು, ಗಂಡನಿಲ್ಲದೆ ಎರಡು ಮಗ್ಗ ನಡೆಸುತ್ತಾಳೆ. ಹಾಸು ಸೇರಿಸಿ ಆಯಿತು. ಎಲ್ಲ ಚೆನ್ನಾಗಿದೆ. ಮುಂದಿನ ವಾರ ಮಡತ್ತುಕುಳಂ, ಸೋಮಸುಂದರಂ ಮನೆಗೆ.

ಅಜ್ಜಿ

*

ತಿರುಪ್ಪೂರು
8 ಜುಲೈ 2024

ಅಜ್ಜಿ, ನನ್ನ ಅಜ್ಜಿ!

ನಿನ್ನ ಮಾತು ಈಗ ನಿನ್ನದಲ್ಲ. ಹಾಸ್ಟೆಲಿನ ಗೋಡೆಯಲ್ಲಿದೆ. ದೊಡ್ಡ ಚಾರ್ಟಿನ ಮೇಲೆ ಕೆಂಪು ಅಕ್ಷರದಲ್ಲಿ ತಮಿಳಿನಲ್ಲಿ ಬರೆದು ಅಂಟಿಸಿದೆವು: "ಐವತ್ತು ವರ್ಷ ಓಸಿಯಾಗಿ ಅನ್ನ ಬಡಿಸಿದ್ದೇನೆ. ಒಬ್ಬರೂ ಟಿಕೆಟ್ ಹರಿಯಲಿಲ್ಲ. ಪೆರಿಯನಾಯಕಿ, ವಯಸ್ಸು 67." ಒಡಿಶಾದ ಹುಡುಗಿಯರು ನನ್ನ ಹತ್ತಿರ ಅರ್ಥ ಕೇಳಿ ತಮ್ಮ ಲಿಪಿಯಲ್ಲಿ ಕೆಳಗೆ ಬರೆದುಕೊಂಡರು. ಬುಧವಾರದ ಸಭೆಯಲ್ಲಿ ಹೇಳಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಓಡುವ ಬಸ್ಸಿನಲ್ಲಿ ಕೂತು ನೀನು ಬರೆದ ಆ ಡೊಂಕು ಅಕ್ಷರಗಳನ್ನು ಎಲ್ಲರಿಗೂ ತೋರಿಸಿದೆ. ಓದಲು ಬರದಿದ್ದರೂ ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು.

ನಿನ್ನೆ ಮನೆಯಲ್ಲೂ ಓದಿದೆ. ಈ ಸಲ ಬಸ್ಸಿನ ಮಾತನ್ನು ಹಾರಿಸಲಿಲ್ಲ. ಕೇಳಲಿ ಎಂದೇ ಓದಿದೆ. ಅಮ್ಮ ನಕ್ಕಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪ ಮಾತ್ರ "ಕಾಗದ ಇಷ್ಟು ಚಿಕ್ಕದು ಏನುಕ್ಕೆ?" ಎಂದ. ಅವನಿಗೆ ಏನು ಕೊಟ್ಟರೂ ಕೊರತೆಯೇ.

ಇದು ನಿನಗೆ ಮಡತ್ತುಕುಳಂನಲ್ಲಿ ಸಿಗುತ್ತದೆ. ಸೋಮಸುಂದರಂ ಅವರ ಮನೆಯವರಿಗೆ ನನ್ನ ನಮಸ್ಕಾರ ಹೇಳು. ನಿನ್ನಂಥವರು ಹತ್ತು ಜನ ಇದ್ದಿದ್ದರೆ ನಮ್ಮ ಪುಸ್ತಕಗಳನ್ನು ಯಾರೂ ಬರೆಯಬೇಕಾಗಿರಲಿಲ್ಲ.

ನಿತ್ಯಾ

*

ತಿರುಪ್ಪೂರು
15 ಜುಲೈ 2024

ಅಜ್ಜಿ,

ಈ ಕಾಗದ ನಿನ್ನನ್ನು ಮುಟ್ಟುವ ಮುನ್ನ ಅಪ್ಪ ಬಂದು ಮುಟ್ಟಿರುತ್ತಾನೆ. ಅದಕ್ಕೆ ನಾನೇ ಕಾರಣ. ಅವನಿಂದ ತಿಳಿಯುವುದಕ್ಕಿಂತ ನನ್ನಿಂದ ತಿಳಿಯಲಿ.

ಶುಕ್ರವಾರ ಕಂಪನಿಯ ಗೇಟಿನಲ್ಲಿ ಒಬ್ಬ ಹುಡುಗಿ ನನ್ನ ಗುರುತಿನ ಚೀಟಿ ನೋಡಿ ನಿಂತಳು. "ನೀವು ನಿತ್ಯಾನಾಂಗ? ನಾನು ಸರಣ್ಯಾ. ಸೇವೂರು ಸಾಂತಿಯಮ್ಮನ ಮಗಳು. ಪಕ್ಕದ ಯೂನಿಟ್ಟಲ್ಲೇ ಕೆಲಸ, ದಿನಾ ಕಂಪನಿ ಬಸ್ಸಲ್ಲಿ ಬಂದು ಹೋಗ್ತೀನಿ. ಅಜ್ಜಿ ಕೈ ಈಗ ಹೆಂಗಿದೆ?"

"ಯಾವ ಕೈ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಅವಿನಾಶಿಯ ದಾರಿಯಲ್ಲಿ ಬಸ್ಸಿಂದ ಇಳಿಯುವಾಗ ನೀನು ಬಿದ್ದೆಯಂತೆ. ಬಲಗೈ ಮಣಿಕಟ್ಟು ಬದನೆಕಾಯಿಯಂತೆ ಊದಿತ್ತಂತೆ. ಮೂರು ದಿನ ನಿನಗೆ ಲೋಟ ಎತ್ತಲು ಆಗಲಿಲ್ಲವಂತೆ. ಅವರ ಮನೆಯ ಹಾಸನ್ನು ಸೇರಿಸಿದ್ದು ಅವಳೂ ಅವಳ ಅಮ್ಮನೂ, ನೀನು ಪಕ್ಕದಲ್ಲಿ ಕೂತು ಹೇಳಿಕೊಟ್ಟೆಯಂತೆ. ನನಗೆ ಕಾಗದ ಬರೆದದ್ದು ಎಡಗೈಯಲ್ಲಿ. ಬಸ್ಸಿನಲ್ಲಿ ಕೂತು ಅಲ್ಲ.

ನಾನು ಆ ಅಕ್ಷರಗಳನ್ನು ಸಭೆಯಲ್ಲಿ ಮೆರೆಸಿದೆ, ಅಜ್ಜಿ.

ಎರಡು ದಿನ ಊಟ ಸೇರಲಿಲ್ಲ. ಪುಸ್ತಕಗಳನ್ನೆಲ್ಲ ತೆರೆದೆ. ಸ್ವಾತಂತ್ರ್ಯದ ಬಗ್ಗೆ ಎಲ್ಲವೂ ಇದೆ. ಬಿದ್ದ ಮುದುಕಿಯನ್ನು ಏನು ಮಾಡಬೇಕು ಎಂದು ಒಂದರಲ್ಲೂ ಇಲ್ಲ. ಕೊಯ್ದರೂ ಹೇಳುವುದಿಲ್ಲ ಎಂದವಳು ನಾನು. ಯಾರೂ ಕೊಯ್ಯಲಿಲ್ಲ, ಭಾನುವಾರ ನಾನಾಗಿಯೇ ಪಟ್ಟರೆಗೆ ಹೋಗಿ ಅಪ್ಪನ ಮುಂದೆ ನಿಂತೆ.

"ಅಪ್ಪ, ಅಜ್ಜಿ ಎಲ್ಲಿದಾಳೆ ಅಂತ ನನಗೆ ಗೊತ್ತು."

ಅವನು ಲೇತ್ ನಿಲ್ಲಿಸಲಿಲ್ಲ. "ಮಡತ್ತುಕುಳಂ. ಸೋಮಸುಂದರಂ ಮನೆ."

"ಯಾರು ಹೇಳಿದ್ದು?"

"ನಿಮ್ಮಜ್ಜಿನೇ." ಆಮೇಲೆ ಲೇತ್ ಆರಿಸಿ, ಕೈ ಒರೆಸಿಕೊಂಡು, ಫೋನ್ ತೆಗೆದು ತೋರಿಸಿದ. ದೇವರ ಗೂಡಿನಲ್ಲಿದ್ದ ನಿನ್ನ ಎರಡೂ ಕಾಗದಗಳ ಫೋಟೋ. ನಮ್ಮ ಬೀದಿಯ ಮೂಲೆಯ ಬೇಕರಿ ಮಾಸ್ಟರ್ ಚನ್ನರಾಯಪಟ್ಟಣದವರು, ನೆನಪಿದೆಯಾ? ಅವರ ಹತ್ತಿರ ಓದಿಸಿಕೊಂಡಿದ್ದಾನೆ. ಎಷ್ಟು ದಡ್ಡಿ ನಾನು! ಕನ್ನಡ ಓದುವವರು ನಮ್ಮ ಮನೆಯಲ್ಲಿಲ್ಲ ಎಂದರೆ ಜಗತ್ತಿನಲ್ಲೇ ಇಲ್ಲ ಎಂದುಕೊಂಡಿದ್ದೆ.

"ಬೋಲ್ಟು ವಿಷಯ ಓದುವಾಗ ಅವರು ನಕ್ಕೇಬಿಟ್ರು" ಎಂದ. "ನಗಲಿ. ಆದ್ರೆ ನೀನು ಅವತ್ತು ಓದಿದೆಯಲ್ಲ, ಪ್ರಭಾ ಹೊತ್ತಿಗೆ ಉಣ್ತಾನಾ ಅಂತ. ಆ ಸಾಲು ಎಲ್ಲಿದೆ? ಮಾಸ್ಟರು ಎರಡು ಸಲ ಹುಡುಕಿದ್ರು. ಸಿಗಲಿಲ್ಲ."

ನಾನು ತಲೆ ತಗ್ಗಿಸಿದೆ. ಅವನಿಗೆ ಉತ್ತರ ಸಿಕ್ಕಿತು.

"ಹಾಗಾದ್ರೆ ಇಷ್ಟು ದಿನ ಹೋಗಿ ಕರ್ಕೊಂಡು ಬರಲಿಲ್ಲ ಏನುಕ್ಕೆ?" ಎಂದು ನಾನೇ ಜೋರು ಮಾಡಿದೆ, ತಪ್ಪು ಮಾಡಿದವರು ಮಾಡುವ ಹಾಗೆ.

"ಕೆಲಸದ ಬಗ್ಗೆ ಅವಳು ಒಂದು ಸಾಲು ಬರೀತಾಳೆ. ಕಿಟಕಿ ಬಗ್ಗೆ ಒಂದು ಪುಟ ಬರೀತಾಳೆ. ನಿನಗೆ ಓದಕ್ಕೆ ಬರ್ತದಲ್ಲ, ನಿನಗೆ ಕಾಣಲಿಲ್ವಾ?" ಎಂದ. "ಮೇಲಿನ ರೂಮಿನ ಕಿಟಕಿ ಪಟ್ಟರೆ ಧೂಳಿಗೆ ಅಂತ ನಾನೇ ಹಲಗೆ ಹೊಡೆದು ಮುಚ್ಚಿದ್ದು. ಎರಡು ವರ್ಷ ಅದರೊಳಗೆ ಇದ್ದಳು. ಒಂದಿನ ಕೇಳಲಿಲ್ಲ."

ಆಗ ನಾನು ಕೈ ವಿಷಯ ಹೇಳಿದೆ. ಅದು ಕಾಗದದಲ್ಲಿರಲಿಲ್ಲವಲ್ಲ, ಅವನಿಗೆ ಗೊತ್ತಿರಲಿಲ್ಲ. ಮುಖ ಬದಲಾಯಿತು. ಕಾರಿನ ಕೀಲಿ ಹುಡುಕಿದ. ಇವತ್ತು ಬೆಳಿಗ್ಗೆ ಐದಕ್ಕೆ ಹೊರಟಿದ್ದಾನೆ.

ನಾನು ನಿನ್ನನ್ನು ಹಿಡಿದುಕೊಟ್ಟೆ, ಅಜ್ಜಿ. ನೀನು ಮನೆಗೆ ಬಂದು, ಹಲಗೆ ಹೊಡೆದ ಆ ರೂಮಿನಲ್ಲಿ ಕೂತರೆ, ಅದು ನನ್ನ ಕೆಲಸ. ಚಾರ್ಟನ್ನು ಗೋಡೆಯಿಂದ ತೆಗೆಯಲೇ? ನಿನ್ನ ಹೆಸರಿನ ಕೆಳಗೆ ನಿಂತು ನಾನು ಭಾಷಣ ಮಾಡುವಂತಿಲ್ಲ.

ನಿತ್ಯಾ

*

ಮಡತ್ತುಕುಳಂ
24 ಜುಲೈ 2024

ಅಮ್ಮುಣಿ ನಿತ್ಯಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಈ ಸಲ ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಸ್ವಲ್ಪ ಸ್ವಲ್ಪ ಬರೆದು ನಾಲ್ಕು ದಿನವಾಯಿತು.

ನೀನು ಹಿಡಿದುಕೊಟ್ಟೆ ಎಂದು ಅಳಬೇಡ. ಹೆದರಿಕೆಯಾದರೆ ಮನೆಯವರಿಗೆ ಹೇಳುವುದು ಪಾಪವಲ್ಲ. ನಾನು ಅದಕ್ಕಿಂತ ದೊಡ್ಡದೊಂದು ಮಾಡಿದ್ದೇನೆ. ಚಾರ್ಟ್ ತೆಗೆಯಬೇಕೋ ಬೇಡವೋ ಎಂದು ಇದನ್ನು ಓದಿದ ಮೇಲೆ ತೀರ್ಮಾನ ಮಾಡು.

ಆ ಮಾತು ನಾನು ಆಡಲಿಲ್ಲ.

ಬಿಳಿ ಅಂಗಿಯವನು ಹಾಗೆ ಹೇಳಿದ್ದು ನಿಜ. ನಾಲ್ಕು ಜನ ನಕ್ಕದ್ದೂ ನಿಜ. ನಾನು ಏನೂ ಹೇಳಲಿಲ್ಲ. ಮುಖ ಕಾದಿತು. ಎದ್ದು ಸೀಟು ಬಿಟ್ಟುಕೊಟ್ಟೆ. ಅವನು ಕೂತ. ನಾನು ಬಾಗಿಲ ಹತ್ತಿರ ನಿಂತೆ, ಯಾರ ಮುಖವೂ ನೋಡಬಾರದೆಂದು. ನಿಲ್ದಾಣ ಬಂದಾಗ ಅವಸರದಲ್ಲಿ ಮೊದಲು ಇಳಿಯಲು ಹೋದೆ, ಎರಡನೇ ಕಾಲು ನೆಲಕ್ಕೆ ತಾಗುವ ಮೊದಲು ಬಸ್ಸು ಹೊರಟಿತು. ಬಿದ್ದೆ. ಆ ಒಳ್ಳೆಯ ಮಾತು ನನಗೆ ಹೊಳೆದದ್ದು ಸಾಂತಿಯ ಮನೆಯಲ್ಲಿ ಕೈಗೆ ಮಂಜುಗಡ್ಡೆ ಒತ್ತಿಕೊಂಡು ಕೂತಿದ್ದಾಗ. ಆಹಾ, ಇದನ್ನು ಹೇಳಬೇಕಿತ್ತು ಎಂದುಕೊಂಡೆ. ಹೇಳಿದೆ ಎಂದೇ ನಿನಗೆ ಬರೆದುಬಿಟ್ಟೆ. ನೀನು ಅಷ್ಟು ಆಸೆಯಿಂದ ಕಾಯುತ್ತಿದ್ದೆ. ಬಿದ್ದೆ ಎಂದು ಬರೆಯಲು ಮನಸ್ಸು ಬರಲಿಲ್ಲ.

ಈಗ ನಿಮ್ಮಪ್ಪನ ವಿಷಯ. ಅವನು ಬಂದದ್ದು ಬೆಳಿಗ್ಗೆ ಎಂಟಕ್ಕೆ. ಆಗಷ್ಟೇ ನಾನು ಹಾಸಿನ ಮೊದಲ ಎಳೆ ಸೇರಿಸಿದ್ದೆ, ಎಡಗೈಯಲ್ಲಿ, ಆಮೆಯ ಹಾಗೆ. ಮೊದಲ ಎಳೆ ಸೇರಿಸಿದ ಮೇಲೆ ಕಡೆಯ ಎಳೆ ಸೇರುವ ತನಕ ಕೂತವರನ್ನು ಯಾರೂ ಕರೆಯುವಂತಿಲ್ಲ, ಎಬ್ಬಿಸುವಂತಿಲ್ಲ. ಸಾವಿನ ಸುದ್ದಿಯಾದರೂ ಹೊರಗೆ ಕಾಯಬೇಕು. ನಮ್ಮ ಮಗ್ಗದ ಮನೆಗಳಲ್ಲಿ ಇದು ಕಟ್ಟಳೆ. ಲೇತ್ ಹಿಡಿದು ಮೂವತ್ತು ವರ್ಷವಾದರೂ ಅವನು ಅದನ್ನು ಮರೆತಿರಲಿಲ್ಲ. ಬಾಗಿಲಲ್ಲಿ ನಿಂತ. ನನ್ನ ಕೈಯ ಕಟ್ಟು ನೋಡಿದ. ಬಾಯಿ ತೆರೆದ. ಮುಚ್ಚಿದ. ಹೋಗಿ ಜಗಲಿಯಲ್ಲಿ ಕೂತ.

ಸೋಮಸುಂದರಂ ಅವರ ಹೆಂಡತಿ ನನಗೆ ಕೇಳುವ ಹಾಗೆಯೇ ಅವನಿಗೆ ಹೇಳಿದಳು, "ಈ ಎಡಗೈ ವೇಗಕ್ಕೆ ದೀಪಾವಳಿ ಆಗ್ತದೆ ಸಾಮಿ. ನೀವು ಇಡ್ಲಿ ತಿನ್ನಿ."

ಹತ್ತು ಗಂಟೆಗೆ ಅವನು ಒಳಗೆ ಬಂದು ನನ್ನ ಎದುರಿಗೆ ಕೂತ. ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ. ಒಂದೊಂದೇ ಎಳೆ ಎತ್ತಿ ಕೊಡತೊಡಗಿದ. ಮೊದಲ ಇಪ್ಪತ್ತರಲ್ಲಿ ಆರು ಕಿತ್ತ.

"ಇದೇನ್ ಲೇತಾ? ಮೆಲ್ಲಗೆ!" ಎಂದೆ.

"ನನ್ನ ಬೈಯಕ್ಕೆ ಒಂದು ಕೈ ಸಾಕು ನಿನಗೆ" ಎಂದ.

ಆಮೇಲೆ ಒಂದೂ ಕೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನೇ ಹೊಸೆಯತೊಡಗಿದ. ನಾನು ಎಳೆ ಹುಡುಕಿ ಕೊಟ್ಟೆ. "ಬಿದ್ದೆ ಅಂತ ಬರೀಲಿಲ್ಲ ಏನುಕ್ಕೆ?" ಎಂದು ಕೇಳಿದ. "ಬರೆದಿದ್ರೆ ನೀನು ಬರ್ತಿದ್ದೆ" ಎಂದೆ. "ಬರೀದಿದ್ರೂ ಬಂದೆ" ಎಂದ. ಹೊತ್ತಿಗೆ ಉಣ್ಣುತ್ತಾನಾ ಎಂಬ ಆ ಸಾಲನ್ನು ಹುಡುಕಿಸಿದ್ದನ್ನು ಅವನು ನನಗೆ ಹೇಳಲಿಲ್ಲ. ನಿನ್ನ ಕಾಗದ ಓದಿದ ಮೇಲೆಯೇ ನನಗೆ ತಿಳಿದದ್ದು. ಆ ಸಾಲು ನಾನೇ ಬರೆಯಬೇಕಿತ್ತು, ನಿತ್ಯಾ. ನನ್ನ ಪರವಾಗಿ ನೀನು ಹೇಳಿದ ಸುಳ್ಳು ನಾನು ಹೇಳಿದ್ದಕ್ಕಿಂತ ಒಳ್ಳೆಯದು.

ಕಡೆಯ ಎಳೆ ಸೇರಿದಾಗ ಬೀದಿದೀಪ ಹತ್ತಿತ್ತು. ಮರುದಿನ ಉಡುಮಲೈಗೆ ಕರೆದುಕೊಂಡು ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದ. ಸಣ್ಣ ಬಿರುಕು. ಪ್ಲಾಸ್ಟರ್ ಹಿಟ್ಟಿನ ಕಟ್ಟು ಹಾಕಿದರು, ಐದು ವಾರ ಕೆಲಸ ಮಾಡಕೂಡದು ಎಂದರು. "ಮುಗೀತಲ್ಲ, ಮನೆಗೆ ನಡಿ" ಎಂದ ಪ್ರಭಾ. ನಲವತ್ತು ದಿನ ಅಂತ ಬರೆದಿದ್ದೀನಿ, ಇನ್ನೂ ನಾಲ್ಕು ದಿನ ಇದೆ ಎಂದೆ. ಹಲ್ಲು ಕಚ್ಚಿಕೊಂಡು, ಶನಿವಾರ ಕಾರು ತರ್ತೀನಿ ಎಂದು ಹೇಳಿ ಹೋದ.

ಆ ನಾಲ್ಕು ದಿನ ಸೋಮಸುಂದರಂ ಅವರ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಮಗ್ಗ ನಡೆಯುವುದನ್ನು ನೋಡಿದೆ. ನನಗೆ ನೇರವಾಗಿ ಹೇಳಲು ಇಷ್ಟು ದಿನ ಬೇಕಾಯಿತು: ಕೈ ನಿಂತರೂ ಬೇಸರವಾಗಲಿಲ್ಲ. ನೀನು ದುಡಿಮೆ ದುಡಿಮೆ ಎಂದು ಬರೆದಾಗಲೆಲ್ಲ ನನಗೆ ಸ್ವಲ್ಪ ನಾಚಿಕೆಯಾಗುತ್ತಿತ್ತು. ಕೆಲಸ ನಿಜ. ಅದು ಒಳ್ಳೆಯ ಕೆಲಸ. ಆದರೆ ಕೆಲಸ ಎಂದರೆ ಯಾರೂ ಅಡ್ಡ ಬರುವುದಿಲ್ಲ ಎಂದು ನಾನು ಅದನ್ನು ಮುಂದೆ ಹಿಡಿದುಕೊಂಡು ಹೊರಟೆ, ಮಳೆಗೆ ಗೋಣಿಚೀಲ ಹಿಡಿದುಕೊಂಡ ಹಾಗೆ. ನನ್ನ ವಯಸ್ಸಿನವಳು ದೇವಸ್ಥಾನಕ್ಕೆ ಹೋಗಬಹುದು, ಆಸ್ಪತ್ರೆಗೆ ಹೋಗಬಹುದು, ಹೆರಿಗೆಯ ಮನೆಗೆ, ಸಾವಿನ ಮನೆಗೆ ಹೋಗಬಹುದು. ಕೆಲಸಕ್ಕೂ ಹೋಗಬಹುದು, ಬೈಸಿಕೊಂಡು. ಏನೂ ಇಲ್ಲದೆ ಹೋಗುವಂತಿಲ್ಲ. ಆ ಬಿಳಿ ಅಂಗಿಯವನು ಉಲ್ಲಾಸ ಪ್ರಯಾಣ ಎಂದಾಗ ನನಗೆ ಮಾತು ಬರದಿದ್ದದ್ದು ಯಾಕೆ ಗೊತ್ತಾ? ಅವನು ಹೇಳಿದ್ದು ಸರಿಯಾಗಿತ್ತು. ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದ ಹಾಗೆ ಆಯಿತು.

ಶನಿವಾರ ಪ್ರಭಾ ಬಂದ. ಗಂಟು ಕಾರಿನಲ್ಲಿಟ್ಟ. ನನ್ನ ರೂಮಿನ ಕಿಟಕಿಯ ಹಲಗೆ ತೆಗೆಸಿ, ಧೂಳು ಬರದ ಹಾಗೆ ಪಟ್ಟರೆಯ ಕಡೆ ತಗಡು ಕಟ್ಟಿಸಿದ್ದೇನೆ ಎಂದು ದಾರಿಯಲ್ಲಿ ಹೇಳಿದ. ಮಡತ್ತುಕುಳಂ ಬಸ್ ನಿಲ್ದಾಣ ಬಂತು. ಒಂದು ಟೌನ್ ಬಸ್ಸು ನಿಂತಿತ್ತು.

"ಪ್ರಭಾ, ಗಾಡಿ ನಿಲ್ಸು."

"ತಲೆ ಸುತ್ತುತ್ತಾ?"

"ಇಲ್ಲ. ಆ ಬಸ್ಸು ಎಲ್ಲಿಗೆ?"

ಬೋರ್ಡು ನೋಡಿದ. "ಕಣಿಯೂರು."

"ನಾನು ಅದಕ್ಕೆ ಹೋಗ್ತೀನಿ."

"ಅಲ್ಲಿ ಯಾರಿದಾರೆ?"

"ಯಾರೂ ಇಲ್ಲ."

"ಮಗ್ಗ ಇದೆಯಾ?"

"ಈ ಕೈಗೆ ಯಾವ ಮಗ್ಗ?"

"ಮತ್ತೆ ಏನುಕ್ಕಮ್ಮ?"

"ಸುಮ್ನೆ."

ಅರವತ್ತೇಳು ವರ್ಷದಲ್ಲಿ ಆ ಮಾತನ್ನು ನಾನು ನನಗಾಗಿ ಆಡಿದ್ದು ಅದೇ ಮೊದಲು. ಇದನ್ನು ನಾನು ನಿಜವಾಗಿ ಹೇಳಿದೆ, ನಿತ್ಯಾ. ಜೋರಾಗಿ. ಸ್ಟೇರಿಂಗ್ ಹಿಡಿದು ಕೂತಿದ್ದ ಅವನನ್ನು ಬೇಕಾದರೆ ಕೇಳು.

"ನಲವತ್ತು ದಿನ ಅಂದಿದ್ದೆ ನೀನು."

"ಅಂದಿದ್ದೆ. ಮಾತು ತಪ್ಪಿದೆ."

"ಮತ್ತೆ ಬಿದ್ರೆ?"

"ಬೀಳ್ತೀನಿ. ಈ ಸಲ ಬರೀತೀನಿ."

ಕಾರು ಆರಿಸಿದ. ಸೋಮಸುಂದರಂ ಅವರ ಹೆಂಡತಿಗೆ ಫೋನ್ ಮಾಡಿ, ಸಂಜೆ ಅಮ್ಮ ಮತ್ತೆ ಅಲ್ಲಿಗೇ ಬರ್ತಾರೆ ಎಂದ. ಅವಳು ಏನೋ ಹೇಳಿ ನಕ್ಕದ್ದು ನನಗೂ ಕೇಳಿಸಿತು. ಅಂದಿನಿಂದ ದಿನಕ್ಕೊಂದು ಬಸ್ಸು ಹತ್ತುತ್ತಿದ್ದೇನೆ, ಕತ್ತಲಾಗುವ ಮುಂಚೆ ಇಲ್ಲಿಗೆ ಬರುತ್ತೇನೆ. ಅವಳ ಹತ್ತಿರ ಕಥೆ ಹೇಳುತ್ತೇನೆ. ಬೇಸರವಾದಾಗ ಗಣಪತಿಗೆ ಹೋಗುತ್ತೇನೆ. ಇನ್ನೂ ಆಗಿಲ್ಲ.

ಅವತ್ತು ಆ ಬಸ್ಸು ಹತ್ತುವಾಗ ಅವನು ಹಿಂದೆ ನಿಂತಿದ್ದ. ಎರಡೂ ಕೈ ಚಾಚಿದ್ದ, ಮುಟ್ಟಲಿಲ್ಲ. ನಾನು ಒಂದೇ ಕೈಯಲ್ಲಿ ಕಂಬಿ ಹಿಡಿದು ಹತ್ತಿದೆ. ಎಡಗಡೆ ಮೂರನೇ ಕಿಟಕಿ ಖಾಲಿ ಇತ್ತು, ಕೂತೆ. ಅವನು ಹೊರಗಿನಿಂದ ಬಂದು ಆ ಕಿಟಕಿಯ ಸರಳು ಹಿಡಿದುಕೊಂಡು ನಿಂತ. ಕಂಡಕ್ಟರ್ ನನ್ನ ಕೈಯ ಕಟ್ಟು ನೋಡಿ, ಅವನನ್ನು ನೋಡಿ ಕೇಳಿದ, "ಜೊತೆಗೆ ನೀವು ಹತ್ತಲ್ವಾಂಗ?"

ಎಲ್ಲಿ ಇಳಿಸಬೇಕು, ಹೇಗೆ ನೋಡಿಕೊಳ್ಳಬೇಕು, ತನ್ನ ನಂಬರ್ ಯಾವುದು, ಎಲ್ಲ ಅವನ ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು. ನಾನು ಹೆತ್ತ ಮುಖವಲ್ಲವಾ.

"ಇಲ್ಲೀಂಗ" ಎಂದ. "ಅವರೊಬ್ಬರೇ."

ಕಂಡಕ್ಟರ್ ಸೀಟಿ ಊದಿದ. ಪ್ರಭಾ ಬಸ್ಸಿನ ಜೊತೆ ಎರಡು ಹೆಜ್ಜೆ ನಡೆದ. ಆಮೇಲೆ ಸರಳಿನಿಂದ ಕೈ ತೆಗೆದ.

ಪೆರಿಯನಾಯಕಿ